ಪ್ರಿಂಟರ್ ನಿಧಾನವಾಗಿದೆಯಾ? ಮೊದಲು ಗಡಿಯಾರ ಹಿಡಿದು ಅದರ ಪಕ್ಕ ಕೂತುಕೊಳ್ಳಿ

ಶಾಲೆ ಶುರುವಾಗಿ ಮಳೆ ಹಿಡಿಯಿತು ಅಂದರೆ ಈ ಅಂಕಣಕ್ಕೆ ಪ್ರಿಂಟರ್ ಪತ್ರಗಳು ಬರಲು ಶುರು. ಈ ಸಲ ಬಂದದ್ದರಲ್ಲಿ ಹೆಚ್ಚಿನವು ಒಂದೇ ದೂರು: ಪ್ರಿಂಟ್ ಬರುತ್ತದೆ, ಆದರೆ ತುಂಬಾ ನಿಧಾನ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಬ್ರಹ್ಮಾವರದ ಪತ್ರಕ್ಕೆ ಬರೆದ ಉತ್ತರ ಉದ್ದ ಆಗಿದೆ. ಬೇರೆಯವರೂ ಅದನ್ನು ಮೊದಲು ಓದಿ, ಯಾಕೆಂದರೆ ಸಮಯ ಎಲ್ಲಿ ಹೋಗುತ್ತಿದೆ ಎಂದು ಹಿಡಿಯುವ ಕ್ರಮ ಅದರಲ್ಲಿದೆ.

ಪ್ರಶ್ನೆ: ನಾನು ನಿವೃತ್ತ ಮಾಸ್ಟ್ರು. ಮನೆಯಲ್ಲಿ ಯಕ್ಷಗಾನ ಪ್ರಸಂಗದ ಹಳೇ ಪುಸ್ತಕಗಳಿವೆ. ಗೆದ್ದಲು ಹಿಡಿಯುವ ಮೊದಲು ಎಲ್ಲವನ್ನೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿಟ್ಟಿದ್ದೇನೆ. ಪರಿಚಯದ ಭಾಗವತರೊಬ್ಬರಿಗೆ ಒಂದು ಪ್ರಸಂಗ ಪ್ರಿಂಟ್ ಹಾಕಿ ಕೊಡೋಣ ಅಂತ ಕೂತರೆ 40 ಪುಟಕ್ಕೆ ಇಡೀ ಮಧ್ಯಾಹ್ನ ಹೋಯಿತು. ಒಂದು ಪುಟಕ್ಕೆ ನಾಲ್ಕು ನಿಮಿಷ! ಸ್ಕ್ಯಾನರ್ ಇರುವ ಇಂಕ್ ಟ್ಯಾಂಕ್ ಪ್ರಿಂಟರ್, ತಂದು ಎರಡು ವರ್ಷ. ಪೆಟ್ಟಿಗೆಯ ಮೇಲೆ ನಿಮಿಷಕ್ಕೆ 33 ಪುಟ ಅಂತ ಬರೆದಿದೆ. ಪ್ರಿಂಟರ್ ಹಾಳಾಗಿದೆಯಾ?
(ಬ್ರಹ್ಮಾವರ)

ಉತ್ತರ: ಮಾಸ್ಟ್ರೇ, ಹಾಳಾಗಿರಲಿಕ್ಕಿಲ್ಲ. ಅದನ್ನು ಐದು ನಿಮಿಷದಲ್ಲಿ ನೀವೇ ಖಚಿತ ಮಾಡಿಕೊಳ್ಳಬಹುದು. ಕಂಪ್ಯೂಟರ್ ಆಫ್ ಮಾಡಿ. ಅದೇ ಪುಸ್ತಕದ ಒಂದು ಪುಟವನ್ನು ಪ್ರಿಂಟರಿನ ಗಾಜಿನ ಮೇಲೆ ಕವುಚಿ ಇಟ್ಟು, ಪ್ರಿಂಟರಿನದ್ದೇ ಬಟನ್ ಒತ್ತಿ ಕಪ್ಪುಬಿಳುಪು ಕಾಪಿ ತೆಗೆಯಿರಿ. ಅರ್ಧ ನಿಮಿಷದ ಆಸುಪಾಸಿನಲ್ಲಿ ಕಾಪಿ ಕೈಗೆ ಬಂತಾ? ಹಾಗಾದರೆ ಮೋಟಾರು, ಹೆಡ್ (ಕಾಗದದ ಮೇಲೆ ಓಡಾಡಿ ಇಂಕ್ ಹಾಕುವ ಭಾಗ), ರೋಲರ್ ಎಲ್ಲ ಸರಿ ಇದೆ. ಈಗ ಕಂಪ್ಯೂಟರ್ ಆನ್ ಮಾಡಿ, ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಪ್ರಿಂಟ್ ಕೊಡಿ. ಅದೂ ಬೇಗ ಬಂತು ಅಂದರೆ ಕೇಬಲ್, ವಿಂಡೋಸ್ ಎರಡೂ ಸರಿ, ತೊಂದರೆ ಇರುವುದು ನಿಮ್ಮ ಆ ಪಿಡಿಎಫ್ ಒಳಗೆ. ನೋಟ್‌ಪ್ಯಾಡಿನದ್ದೂ ನಿಧಾನ ಆದರೆ ಸೆಟ್ಟಿಂಗ್, ಡ್ರೈವರ್ (ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಮಾತಾಡಿಸುವ ಸಾಫ್ಟ್‌ವೇರ್) ಅಥವಾ ಸಂಪರ್ಕ ನೋಡಬೇಕು. ಇಷ್ಟು ಮಾಡದೆ ಯಾರೂ ರಿಪೇರಿಗೆ ಹೊತ್ತುಕೊಂಡು ಹೋಗಬೇಡಿ.

ಆಮೇಲೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಪ್ರಿಂಟರ್ ಪಕ್ಕ ಕೂತುಕೊಳ್ಳಿ. ಒಟ್ಟು ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಮುಖ್ಯ ಅಲ್ಲ, ಯಾವ ಹಂತದಲ್ಲಿ ಹಿಡಿಯಿತು ಅನ್ನುವುದು ಮುಖ್ಯ. ಪ್ರಿಂಟ್ ಒತ್ತಿದ ಮೇಲೆ ಕಾಗದ ಅಲುಗಾಡುವ ತನಕ ಎಷ್ಟು? ಕಾಗದ ಒಳಗೆ ಹೋದ ಮೇಲೆ ಹೊರಗೆ ಬೀಳುವ ತನಕ ಎಷ್ಟು? ಮಧ್ಯದಲ್ಲಿ ಹೆಡ್ ನಿಂತು ನಿಂತು ಹೋಗುತ್ತದಾ, ಇಲ್ಲ ಒಂದೇ ಸಮ ಓಡುತ್ತದಾ? ಕಾಗದ ಅಲುಗಾಡುವ ಮೊದಲೇ ಹೊತ್ತು ಹೋಗುತ್ತಿದ್ದರೆ ಕಂಪ್ಯೂಟರ್ ಇನ್ನೂ ಲೆಕ್ಕ ಹಾಕುತ್ತಿದೆ, ಇಲ್ಲವೇ ಸಂಪರ್ಕ ಸಿಗಲು ಕಾಯುತ್ತಿದೆ. ಕಾಗದ ಒಳಗೆ ಹೋಗಿ ಮೆಲ್ಲ ಮೆಲ್ಲ ಬರುತ್ತಿದ್ದರೆ ಗುಣಮಟ್ಟದ ಸೆಟ್ಟಿಂಗ್. ಅರ್ಧ ಪುಟದಲ್ಲಿ ಹೆಡ್ ನಿಂತು ಕಾಯುತ್ತಿದ್ದರೆ ಮುಂದಿನ ಸಾಲುಗಳ ಡೇಟಾ ಇನ್ನೂ ಬಂದಿಲ್ಲ ಎಂದು ಅರ್ಥ.

ನಿಮ್ಮ ಪತ್ರ ಓದಿದ ಮೇಲೆ ನಾನೂ ಮನೆಯಲ್ಲಿ ಹಳೇ ಪುಸ್ತಕದ ಒಂದು ಪುಟ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಬೇರೆ ಬೇರೆ ರೀತಿಯಲ್ಲಿ ಪ್ರಿಂಟ್ ಹಾಕಿ ನೋಡಿದೆ. ಮೊದಲ ಸಲ ಕ್ವಾಲಿಟಿ ಹೈ, ಕಲರ್. ಕಿವಿ ಕೊಟ್ಟು ಕೇಳಿದರೆ ಹೆಡ್ ಒಂದು ಕಡೆಗೆ ಸರ್ರ್ ಎಂದು ಹೋಗಿ, ವಾಪಸ್ ಬಂದು, ಕಾಗದ ಕೂದಲೆಳೆಯಷ್ಟು ಮುಂದೆ ಸರಿದು, ಪುನಃ ಅದೇ ಜಾಗದ ಮೇಲೆ ಓಡಾಡುತ್ತಿತ್ತು. ಒಂದು ಅಕ್ಷರದ ಎತ್ತರ ಮುಗಿಯಲು ಎಷ್ಟೋ ಓಟ. ಪುಟದ ಬಿಳಿ ಜಾಗದಲ್ಲೂ ಅದು ಬಿಡಲಿಲ್ಲ, ಯಾಕೆಂದರೆ ಸ್ಕ್ಯಾನ್‌ನಲ್ಲಿ ಆ ಜಾಗ ಬಿಳಿ ಆಗಿರಲಿಲ್ಲ. ಹಳೇ ಕಾಗದದ ತಿಳಿ ಹಳದಿ ಬಣ್ಣ, ಪುಟದ ಮೂಲೆಯ ನೀರಿನ ಕಲೆ, ನನ್ನ ಹೆಬ್ಬೆರಳಿನ ನೆರಳು ಎಲ್ಲವನ್ನೂ ಅದು ನಾಲ್ಕು ಬಣ್ಣದ ಇಂಕಿನಲ್ಲಿ ಬರೆಯುತ್ತಾ ಇತ್ತು! ಎರಡನೇ ಸಲ ಸ್ಟ್ಯಾಂಡರ್ಡ್, ಗ್ರೇಸ್ಕೇಲ್ ಮಾಡಿದೆ, ಹೊತ್ತು ತುಂಬಾ ಕಡಿಮೆ ಆಯಿತು. ಮೂರನೇ ಸಲ ಸ್ಕ್ಯಾನ್ ಆ್ಯಪ್‌ನಲ್ಲೇ ಪುಟವನ್ನು ಕಪ್ಪುಬಿಳುಪು ಮಾಡಿ, ಹಳದಿ ಹಿನ್ನೆಲೆ ಅಳಿಸಿ ಪಿಡಿಎಫ್ ತೆಗೆದು ಪ್ರಿಂಟ್ ಕೊಟ್ಟೆ. ಹೆಡ್ ಅಕ್ಷರ ಇರುವಲ್ಲಿ ಮಾತ್ರ ಓಡಿ, ಎರಡು ಪದ್ಯಗಳ ನಡುವಿನ ಖಾಲಿ ಜಾಗ ಬಂದಾಗ ಕಾಗದವನ್ನು ಒಮ್ಮೆಲೇ ಮುಂದೆ ತಳ್ಳಿತು. ಪುಟ ಹೊರಗೆ ಬಿದ್ದಾಗ ನನಗೆ ನಿಜಕ್ಕೂ ಖುಷಿಯಾಯಿತು, ಓದಲಿಕ್ಕೂ ಮೊದಲಿನ ಎರಡಕ್ಕಿಂತ ಇದೇ ಚೆನ್ನಾಗಿತ್ತು.

ಇದರ ಹಿಂದಿನ ಲೆಕ್ಕ ಹೀಗಿದೆ. ಎ4 ಪುಟವನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಬರೆದರೆ ಅಗಲಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕಿ. 600 ಮಾಡಿದರೆ ಎರಡು ಪಟ್ಟು ಆಗುವುದಲ್ಲ, ನಾಲ್ಕು ಪಟ್ಟು, ಸುಮಾರು 3.5 ಕೋಟಿ. ಒಂದು ಚುಕ್ಕಿಯ ಬಣ್ಣಕ್ಕೆ 3 ಬೈಟ್ ಹಿಡಿದರೆ ಮೊದಲನೆಯದು 26 ಎಂಬಿ, ಎರಡನೆಯದು 104 ಎಂಬಿ, ಅದೂ ಒಂದೇ ಪುಟಕ್ಕೆ. ನಿಮ್ಮ ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊ ನೋಡಲಿಕ್ಕೆ ಮೂರು ನಾಲ್ಕು ಎಂಬಿ ಇರಬಹುದು, ಆದರೆ ಅದು ಮಡಚಿಟ್ಟ ಬಟ್ಟೆಯ ಹಾಗೆ. ಪ್ರಿಂಟ್ ಮಾಡುವಾಗ ಬಿಡಿಸಲೇಬೇಕು, ಬಿಡಿಸಿದರೆ 36 ಎಂಬಿ. 40 ಪುಟಕ್ಕೆ 1.4 ಜಿಬಿಗಿಂತ ಜಾಸ್ತಿ. ಹಳೇ ಕಂಪ್ಯೂಟರ್, 4 ಜಿಬಿ ರ್‍ಯಾಮ್, ಸಿ ಡ್ರೈವ್ ಭರ್ತಿ ಇದ್ದರೆ ಅದು ಉಸಿರುಗಟ್ಟುವುದು ಸಹಜ ಅಲ್ವಾ? ಸಿ ಡ್ರೈವ್‌ನಲ್ಲಿ 10, 15 ಜಿಬಿ ಆದರೂ ಖಾಲಿ ಇರಲಿ, ವಿಂಡೋಸ್ ಪ್ರಿಂಟ್ ಫೈಲನ್ನು ಮೊದಲು ಅಲ್ಲಿ ಬರೆದಿಟ್ಟುಕೊಂಡೇ ಪ್ರಿಂಟರಿಗೆ ಕಳಿಸುವುದು.

ನೀವು ಮಾಡಬೇಕಾದದ್ದು ಇಷ್ಟು. ಸ್ಕ್ಯಾನ್ ಆ್ಯಪ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಅಥವಾ ಡಾಕ್ಯುಮೆಂಟ್ ಎಂಬ ಫಿಲ್ಟರ್ ಇರುತ್ತದೆ, ಅದನ್ನು ಎಲ್ಲ ಪುಟಕ್ಕೂ ಹಾಕಿ ಪಿಡಿಎಫ್ ಹೊಸದಾಗಿ ತೆಗೆಯಿರಿ. ಬಣ್ಣದ ಮೂಲ ಸ್ಕ್ಯಾನ್ ಅಳಿಸಬೇಡಿ ದಯವಿಟ್ಟು, ಅದು ಮುಂದಿನವರಿಗೆ ಬೇಕು, ಪ್ರಿಂಟಿಗೆ ಮಾತ್ರ ಈ ಹಗುರ ಪ್ರತಿ. ಪ್ರಿಂಟ್ ಕೊಡುವಾಗ ಪ್ರಿಂಟಿಂಗ್ ಪ್ರಿಫರೆನ್ಸಸ್ ತೆರೆದು ಪೇಪರ್ ಟೈಪ್ ಪ್ಲೇನ್ ಇದೆಯಾ, ಕ್ವಾಲಿಟಿ ಸ್ಟ್ಯಾಂಡರ್ಡ್ ಇದೆಯಾ ನೋಡಿ. ಯಾವಾಗಲೋ ಮೊಮ್ಮಗುವಿನ ಫೋಟೊ ಪ್ರಿಂಟ್ ಹಾಕಲು ಫೋಟೊ ಪೇಪರ್, ಹೈ ಎಂದು ಕೊಟ್ಟು ಹಾಗೇ ಬಿಟ್ಟದ್ದು ವರ್ಷಗಟ್ಟಲೆ ಉಳಿದುಬಿಡುತ್ತದೆ, ನಾನು ನೋಡಿದ ನಿಧಾನ ಪ್ರಿಂಟರ್‌ಗಳಲ್ಲಿ ಇದೇ ಕಾರಣ ಜಾಸ್ತಿ. ಕ್ವೈಟ್ ಮೋಡ್ ಆನ್ ಇದ್ದರೆ ಆಫ್ ಮಾಡಿ, ಸದ್ದು ಕಡಿಮೆ ಮಾಡಲು ಅದು ಬೇಕೆಂದೇ ಹೆಡ್ಡಿನ ಓಟ ತಗ್ಗಿಸುತ್ತದೆ. ಬೈಡೈರೆಕ್ಷನಲ್ ಅಥವಾ ಹೈ ಸ್ಪೀಡ್ ಅಂತ ಒಂದು ಟಿಕ್ ಇರುತ್ತದೆ, ಅದು ಇರಲೇಬೇಕು. ಕಂಬಳದ ಕೋಣಗಳ ಓಟ ಒಂದೇ ಕಡೆಗೆ, ಓಟ ಮುಗಿಯುವ ಮಂಜೊಟ್ಟಿ ಮುಟ್ಟಿದ ಮೇಲೆ ವಾಪಸ್ ಬರುವುದು ನಡೆದುಕೊಂಡು. ಆ ಟಿಕ್ ಇಲ್ಲದಿದ್ದರೆ ಹೆಡ್ ಕೂಡ ಹಾಗೆಯೇ, ಹೋಗುವಾಗ ಮಾತ್ರ ಬರೆದು ಬರುವಾಗ ಖಾಲಿ ಬರುತ್ತದೆ. ಟಿಕ್ ಹಾಕಿದರೆ ಗದ್ದೆ ಉತ್ತ ಹಾಗೆ, ಹೋಗುವಾಗಲೂ ಸಾಲು, ಬರುವಾಗಲೂ ಸಾಲು. ಗೆರೆಗಳು ಜೋಡಾಗಿ ಕಾಣಿಸಿದರೆ ಒಮ್ಮೆ ಹೆಡ್ ಅಲೈನ್‌ಮೆಂಟ್ ಮಾಡಿ, ಸರಿಯಾಗುತ್ತದೆ.

ಇನ್ನು ಆ 33. ಅದು ಡ್ರಾಫ್ಟ್ ಮೋಡಿನ, ಅಂದರೆ ಗುಣಮಟ್ಟ ತಗ್ಗಿಸಿ ಬೇಗ ಮುಗಿಸುವ ಸೆಟ್ಟಿಂಗಿನ ಲೆಕ್ಕ. ನಿಜವಾದ ಬಳಕೆಗೆ ಹತ್ತಿರದ ಅಳತೆ ಐಎಸ್‌ಒ 24734 ಅನ್ನುವುದು, ಪೆಟ್ಟಿಗೆಯಲ್ಲಿ ಅಥವಾ ಕಂಪೆನಿಯ ವೆಬ್‌ಸೈಟಿನಲ್ಲಿ ಐಪಿಎಂ (ನಿಮಿಷಕ್ಕೆ ಎಷ್ಟು ಪುಟ) ಎಂದು ಬರೆದಿರುತ್ತಾರೆ. ಉದಾಹರಣೆಗೆ ಎಪ್ಸನ್ ಎಲ್3250 ಡ್ರಾಫ್ಟ್‌ನಲ್ಲಿ ಕಪ್ಪು 33 ಪುಟ, ಐಎಸ್‌ಒ ಲೆಕ್ಕದಲ್ಲಿ ಕಪ್ಪು 10, ಬಣ್ಣ 5. ಹಗುರ ಪಿಡಿಎಫ್, ಸ್ಟ್ಯಾಂಡರ್ಡ್ ಸೆಟ್ಟಿಂಗ್ ಇಟ್ಟು ನಿಮ್ಮ 40 ಪುಟ ಹತ್ತು ಹದಿನೈದು ನಿಮಿಷದಲ್ಲಿ ಮುಗಿದರೆ ಪ್ರಿಂಟರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಪ್ರಶ್ನೆ: ನಮ್ಮದು ಲೇಸರ್ ಪ್ರಿಂಟರ್. ಬೆಳಿಗ್ಗೆ ಮಗಳ ಶಾಲೆಯ ವ್ಯಾನ್ ಬರುವ ಹೊತ್ತಿಗೆ ಒಂದು ಪುಟ ಪ್ರಿಂಟ್ ಕೊಟ್ಟರೆ ಬರುವುದೇ ಇಲ್ಲ. ಗಾಬರಿಯಲ್ಲಿ ನಾಲ್ಕೈದು ಸಲ ಒತ್ತುತ್ತೇನೆ. ವ್ಯಾನ್ ಹೋದ ಮೇಲೆ ಐದು ಪ್ರತಿ ಒಟ್ಟಿಗೆ ಬರುತ್ತದೆ! ಎರಡನೇ ಪುಟದಿಂದ ಮತ್ತೆ ಬೇಗವೇ.
(ಬಿಜೈ, ಮಂಗಳೂರು)

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ, ಬೆಳಗಿನ ಏಳೂವರೆ ಗಂಟೆಗೆ ಒಂದು ನಿಮಿಷ ಅಂದರೆ ಸಣ್ಣ ವಿಷಯ ಅಲ್ಲ. ಲೇಸರ್ ಪ್ರಿಂಟರಿನ ಟೋನರ್ ಅನ್ನುವುದು ನುಣ್ಣನೆಯ ಪ್ಲಾಸ್ಟಿಕ್ ಪುಡಿ. ಅದು ಕಾಗದಕ್ಕೆ ಅಂಟಬೇಕಾದರೆ ಒಳಗಿನ ಫ್ಯೂಸರ್ ರೋಲರ್ ಸುಮಾರು 200 ಡಿಗ್ರಿ ಬಿಸಿ ಆಗಬೇಕು. ರಾತ್ರಿಯಿಡೀ ಮಲಗಿದ್ದ ಪ್ರಿಂಟರ್ ಎದ್ದು ಬಿಸಿಯಾಗಲು ಒಂದಿಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಮಗಳು ಹಲ್ಲುಜ್ಜುವಾಗಲೇ ಪ್ರಿಂಟರ್ ಬಟನ್ ಒಮ್ಮೆ ಒತ್ತಿ ಎಬ್ಬಿಸಿಡಿ.

ಆದರೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಕಾಯಬೇಕಾಗಿ ಬಂದರೆ ಅದು ಬಿಸಿಯಾಗುವ ಸಮಸ್ಯೆ ಅಲ್ಲ. ವಿಂಡೋಸ್‌ನ ಪ್ರಿಂಟರ್ ಪಟ್ಟಿಯಲ್ಲಿ ನಿಮ್ಮ ಪ್ರಿಂಟರ್ ಆರಿಸಿ ಪ್ರಿಂಟರ್ ಪ್ರಾಪರ್ಟೀಸ್, ಅದರಲ್ಲಿ ಅಡ್ವಾನ್ಸ್ಡ್ ತೆರೆಯಿರಿ. ಕೊನೆಯ ಪುಟ ಸ್ಪೂಲ್ ಆದ ಮೇಲೆ (ಅಂದರೆ ಕಂಪ್ಯೂಟರಿನಲ್ಲಿ ಬರೆದಿಟ್ಟು ಮುಗಿದ ಮೇಲೆ) ಶುರು ಮಾಡು ಎಂಬ ಆಯ್ಕೆ ಇದ್ದರೆ ಬದಲಿಸಿ ಸ್ಟಾರ್ಟ್ ಪ್ರಿಂಟಿಂಗ್ ಇಮ್ಮೀಡಿಯೆಟ್ಲಿ ಕೊಡಿ. ಹತ್ತು ಪುಟದ ಪ್ರಾಜೆಕ್ಟ್ ಇದ್ದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಮೊದಲ ಪುಟ ತಯಾರಾದ ಕೂಡಲೇ ಹೊರಟುಬಿಡುತ್ತದೆ.

ಇನ್ನೊಂದು ಮಾತು. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಇನ್ನೂ ಓಡುತ್ತಿರುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಇಂಥವು ತಾವಾಗಿ ಲೆಕ್ಕ ಹಾಕುವ ಪ್ರಿಂಟರ್‌ಗಳಲ್ಲ. ಒಳಗೆ ಇರುವ ಮೆಮೊರಿ 2 ಎಂಬಿ ಮಾತ್ರ. ಪುಟವನ್ನು ಚುಕ್ಕಿಗಳಾಗಿ ಬದಲಿಸುವ ಕೆಲಸ ಎಲ್ಲ ಕಂಪ್ಯೂಟರಿನದ್ದು. ಒಳ್ಳೆಯ ಗಟ್ಟಿಮುಟ್ಟು ಪ್ರಿಂಟರ್‌ಗಳು, ಮೊದಲನೆಯದು ನಿಮಿಷಕ್ಕೆ 12, ಎರಡನೆಯದು 14 ಪುಟ ಕೊಡುತ್ತದೆ, ಆದರೆ ಕಂಪ್ಯೂಟರ್ ಹಳತಾದಷ್ಟೂ ಪ್ರಿಂಟರ್ ನಿಧಾನವಾದಂತೆ ಕಾಣುತ್ತದೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಕಂಪ್ಯೂಟರ್ ಜತೆಗೆ ಪ್ರಿಂಟಿಗೂ ಚುರುಕು ಬರುತ್ತದೆ. ಹೊಸ ಪ್ರಿಂಟರಿಗೆ ದುಡ್ಡು ಹಾಕುವ ಮೊದಲು ಇದನ್ನು ಯೋಚಿಸಿ.

ಪ್ರಶ್ನೆ: ರೂಟರ್ ಚಾವಡಿಯಲ್ಲಿದೆ, ಪ್ರಿಂಟರ್ ಉಪ್ಪರಿಗೆಯಲ್ಲಿ. ವೈಫೈ ಪ್ರಿಂಟರ್ ಅಂತಲೇ ತಂದದ್ದು. ಕೆಲವು ದಿನ ತಕ್ಷಣ ಬರುತ್ತದೆ, ಕೆಲವು ದಿನ ಹತ್ತು ನಿಮಿಷ, ಕೆಲವು ದಿನ ಆಫ್‌ಲೈನ್ ಅಂತ ತೋರಿಸಿ ಸುಮ್ನೆ ಕೂರುತ್ತದೆ.
(ಕಾಪು)

ಉತ್ತರ: ಮನೆ ಹಳೇದಾ? ನಿಮ್ಮ ಕಡೆಯ ಹಳೇ ಮನೆಗಳಲ್ಲಿ ಕೆಂಪುಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ ಇರುತ್ತದೆ, ವೈಫೈಗೆ ಅದು ದೊಡ್ಡ ಅಡ್ಡಿ. ಮೊದಲು ಒಂದು ಯುಎಸ್‌ಬಿ ಕೇಬಲ್ ಹಾಕಿ ನೋಡಿ, 5 ಮೀಟರ್‌ಗಿಂತ ಉದ್ದದ್ದು ಬೇಡ. ಕೇಬಲ್‌ನಲ್ಲಿ ಬೇಗ ಬಂದರೆ ಮತ್ತೆ ಪ್ರಿಂಟರನ್ನು ಬಿಚ್ಚಿ ನೋಡುವ ಅಗತ್ಯವೇ ಇಲ್ಲ.

ರೂಟರಿನಲ್ಲಿ 2.4, 5 ಗಿಗಾಹರ್ಟ್ಸ್ ಎರಡು ಹೆಸರು ಕಾಣಿಸಿದರೆ ಪ್ರಿಂಟರನ್ನು 2.4ಕ್ಕೆ ಸೇರಿಸಿ. ಇಂಟರ್‌ನೆಟ್ ನೋಡಲು 5 ಚುರುಕು ನಿಜ, ಆದರೆ ಗೋಡೆ ದಾಟುವುದರಲ್ಲಿ 2.4 ಮೇಲು, ಮನೆ ಬಳಕೆಯ ಎಷ್ಟೋ ಪ್ರಿಂಟರ್‌ಗಳಿಗೆ 5 ಕಾಣಿಸುವುದೇ ಇಲ್ಲ. ಸಾಧ್ಯವಾದರೆ ಪ್ರಿಂಟರನ್ನು ಉಪ್ಪರಿಗೆಯ ಮೆಟ್ಟಿಲಿನ ಬಾಯಿಗೆ ತನ್ನಿ, ಅಲ್ಲಿ ಗೋಡೆ ಅಡ್ಡ ಬರುವುದಿಲ್ಲ.

ಕೆಲವು ದಿನ ಸರಿ, ಕೆಲವು ದಿನ ಇಲ್ಲ ಅಂದಿರಲ್ಲ, ಅದರಲ್ಲಿ ಒಂದು ಸುಳಿವು ಇದೆ. ಕರೆಂಟ್ ಹೋಗಿ ಬಂದ ದಿನವೇ ಹೀಗಾಗುತ್ತದಾ ಗಮನಿಸಿ. ರೂಟರ್ ಪುನಃ ಶುರುವಾದಾಗ ಪ್ರಿಂಟರಿಗೆ ಬೇರೆ ಐಪಿ ವಿಳಾಸ ಕೊಡಬಹುದು. ವಿಂಡೋಸ್ ಮಾತ್ರ ಹಳೇ ವಿಳಾಸದಲ್ಲೇ ಹುಡುಕುತ್ತಾ ಇರುತ್ತದೆ, ಬಾಡಿಗೆ ಮನೆ ಬದಲಿಸಿದವರ ಹಳೇ ಮನೆಗೆ ಪೋಸ್ಟ್ ಹೋದ ಹಾಗೆ. ರೂಟರಿನ ಪುಟ ತೆರೆದು ಅಡ್ರೆಸ್ ರಿಸರ್ವೇಶನ್ ಎಂಬಲ್ಲಿ ಪ್ರಿಂಟರಿಗೆ ಒಂದು ಖಾಯಂ ವಿಳಾಸ ಕೊಡಿ. ನಂತರ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್‌ನಲ್ಲಿ ಡಬ್ಲ್ಯೂಎಸ್‌ಡಿ ಪೋರ್ಟ್ ಅಂತ ಇದ್ದರೆ ಅದನ್ನು ಬಿಟ್ಟು, ಅದೇ ವಿಳಾಸ ಹಾಕಿ ಹೊಸ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಮಾಡಿ. ಕಾನ್ಫಿಗರ್ ಪೋರ್ಟ್ ಒಳಗೆ ಎಸ್‌ಎನ್‌ಎಂಪಿ ಸ್ಟೇಟಸ್ ಅನ್ನುವ ಟಿಕ್ ತೆಗೆದುಹಾಕಿ, ಮನೆ ಪ್ರಿಂಟರ್‌ಗಳು ಅದಕ್ಕೆ ಸರಿಯಾಗಿ ಉತ್ತರ ಕೊಡದೇ ಹೋದರೆ ವಿಂಡೋಸ್ ಆಫ್‌ಲೈನ್ ಎಂದು ತೀರ್ಮಾನ ಮಾಡಿಬಿಡುತ್ತದೆ. ಒಮ್ಮೆ ಇಷ್ಟು ಮಾಡಿದರೆ ವರ್ಷಗಟ್ಟಲೆ ನೋಡಬೇಕಾಗಿಲ್ಲ ಮಾರಾಯ್ರೆ, ಕಷ್ಟ ಅನ್ನಿಸಿದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಪಕ್ಕ ಕೂರಿಸಿಕೊಳ್ಳಿ.

ಪ್ರಶ್ನೆ: ಒಂದು ಫೈಲ್ ಕ್ಯೂನಲ್ಲಿ ಸಿಕ್ಕಿಹಾಕಿಕೊಂಡಿದೆ. ಕ್ಯಾನ್ಸಲ್ ಕೊಟ್ಟರೆ ಡಿಲೀಟಿಂಗ್ ಅಂತ ಎರಡು ದಿನದಿಂದ ತೋರಿಸುತ್ತಾ ಇದೆ. ಅದರ ಹಿಂದೆ ಕೊಟ್ಟದ್ದೆಲ್ಲ ಬಾಕಿ.
(ಸುರತ್ಕಲ್)

ಉತ್ತರ: ಇದು ನಿಧಾನ ಅಲ್ಲ, ದಾರಿಯಲ್ಲಿ ಲಾರಿ ಕೆಟ್ಟು ನಿಂತದ್ದು. ಹಿಂದಿನ ವಾಹನಕ್ಕೆ ಏನೂ ಆಗಿಲ್ಲ, ಮುಂದಿನದ್ದನ್ನು ಎತ್ತಬೇಕು. ಪ್ರಿಂಟರ್ ಆಫ್ ಮಾಡಿ. ವಿಂಡೋಸ್ ಸರ್ಚ್‌ನಲ್ಲಿ ಸರ್ವಿಸಸ್ ಎಂದು ಟೈಪ್ ಮಾಡಿ ತೆರೆದು, ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ಹುಡುಕಿ ಸ್ಟಾಪ್ ಕೊಡಿ. ಈಗ ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್‌ಗೆ ಹೋಗಿ. ಅನುಮತಿ ಕೇಳಿದರೆ ಕೊಡಿ. ಒಳಗೆ ಇರುವ ಫೈಲ್‌ಗಳನ್ನು ಮಾತ್ರ ಅಳಿಸಿ, ಪ್ರಿಂಟರ್ಸ್ ಫೋಲ್ಡರನ್ನೇ ಅಳಿಸಬೇಡಿ, ಅಕ್ಕಪಕ್ಕದ ಫೋಲ್ಡರ್‌ಗಳಿಗೆ ಕೈ ಹಾಕಲೇಬೇಡಿ. ಪುನಃ ಸರ್ವಿಸಸ್‌ಗೆ ಬಂದು ಸ್ಪೂಲರ್ ಸ್ಟಾರ್ಟ್ ಮಾಡಿ, ಪ್ರಿಂಟರ್ ಆನ್ ಮಾಡಿ. ಅಲ್ಲಿ ಬಾಕಿ ಇದ್ದದ್ದೆಲ್ಲ ಹೋಗಿರುತ್ತದೆ, ಹೊಸದಾಗಿ ಕೊಡಬೇಕು. ನಿಮ್ಮ ಮೂಲ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಒಂದೇ ಫೈಲ್ ಪ್ರತಿ ಸಲ ಸಿಕ್ಕಿಹಾಕಿಕೊಂಡರೆ ಆ ಫೈಲಿನದ್ದೇ ದೋಷ. ಎಲ್ಲ ಫೈಲೂ ಹಾಗೆ ಆದರೆ ಡ್ರೈವರ್ ತೆಗೆದು, ಕಂಪೆನಿಯ ವೆಬ್‌ಸೈಟಿನಿಂದ ನಿಮ್ಮ ಮಾಡೆಲ್ಲಿನದ್ದೇ ಡ್ರೈವರ್ ಹೊಸದಾಗಿ ಹಾಕಿ. ವಿಂಡೋಸ್ ತಾನಾಗಿ ಹಾಕಿಕೊಳ್ಳುವ ಸಾಮಾನ್ಯ ಡ್ರೈವರ್‌ನಲ್ಲಿ ಕೆಲಸ ನಡೆಯುತ್ತದೆ, ಆದರೆ ಕ್ವೈಟ್ ಮೋಡ್, ಡ್ರಾಫ್ಟ್ ಇಂಥ ಆಯ್ಕೆಗಳು ಅದರಲ್ಲಿ ಕಾಣಿಸದೇ ಇರಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ಸರಿ ಇದ್ದ ಪ್ರಿಂಟರ್ ಮಳೆಗಾಲ ಬಂದ ಕೂಡಲೇ ನಿಧಾನ. ಕಾಗದ ಎಳೆಯಲು ಕರಕರ ಸದ್ದು ಮಾಡಿ ಮೂರು ನಾಲ್ಕು ಸಲ ಪ್ರಯತ್ನ ಮಾಡುತ್ತದೆ. ಕೆಲವೊಮ್ಮೆ ಎರಡು ಹಾಳೆ ಒಟ್ಟಿಗೆ ಹೋಗುತ್ತದೆ.
(ಮೂಡುಬಿದಿರೆ)

ಉತ್ತರ: ಆಟಿ ತಿಂಗಳಲ್ಲಿ ಹಪ್ಪಳವನ್ನು ಡಬ್ಬದಿಂದ ಹೊರಗೆ ಇಟ್ಟರೆ ಏನಾಗುತ್ತದೋ ಕಾಗದಕ್ಕೂ ಅದೇ ಆಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಟ್ರೇಯಲ್ಲಿ ಬಿಟ್ಟ ಕಾಗದ ಎರಡು ದಿನದಲ್ಲಿ ಪಸೆ ಹಿಡಿದು ಒಂದಕ್ಕೊಂದು ಅಂಟುತ್ತದೆ. ರೋಲರ್ ಎಳೆಯುತ್ತದೆ, ಹಾಳೆ ಜಾರುತ್ತದೆ, ಪ್ರಿಂಟರ್ ಪುನಃ ಪ್ರಯತ್ನ ಮಾಡುತ್ತದೆ. ನಿಮಗೆ ನಿಧಾನವಾಗಿ ಕಾಣುವುದು ಈ ಮರುಪ್ರಯತ್ನ.

ಟ್ರೇಯಲ್ಲಿ ಅಂದಂದಿಗೆ ಬೇಕಾದಷ್ಟೇ ಹಾಕಿ, 20 ಹಾಳೆ ಸಾಕು. ಉಳಿದ ರೀಮನ್ನು ಅದರದ್ದೇ ಹೊದಿಕೆಯಲ್ಲಿ ಸುತ್ತಿ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ. ರೀಮಿನ ಹೊದಿಕೆಯ ಒಳಮೈಗೆ ಪಸೆ ತಡೆಯುವ ಲೇಪ ಇರುತ್ತದೆ, ಅದನ್ನು ಹರಿದು ಬಿಸಾಡುವುದು ನಾವು ಮಾಡುವ ದೊಡ್ಡ ತಪ್ಪು. ಹಾಕುವ ಮೊದಲು ಹಾಳೆಗಳ ಅಂಚನ್ನು ಇಸ್ಪೀಟು ಎಲೆ ಬಿಡಿಸಿದ ಹಾಗೆ ಒಮ್ಮೆ ಬಿಡಿಸಿ, ಮೇಜಿಗೆ ತಟ್ಟಿ ಸಮ ಮಾಡಿ. ಎಳೆಯುವ ರಬ್ಬರ್ ರೋಲರನ್ನು, ಪ್ಲಗ್ ತೆಗೆದ ಮೇಲೆ, ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಸ್ವಲ್ಪ ಒದ್ದೆ ಮಾಡಿ ಹಿಂಡಿ ಒರೆಸಿ. ಬಟ್ಟೆಗೆ ಬೂದು ಬಣ್ಣ ಹತ್ತುತ್ತದೆ, ಅದು ಕಾಗದದ ಪುಡಿ. ಒರೆಸಿ ಒಣಗಿದ ಮೇಲೆ ರಬ್ಬರಿಗೆ ಬೆರಳು ತಾಗಿಸಿದರೆ ಹಿಡಿದ ಹಾಗೆ ಆಗಬೇಕು. ಇನ್ನೂ ಜಾರುತ್ತಿದ್ದರೆ ರೋಲರ್ ಸವೆದಿದೆ, ಬದಲಿಸಬೇಕು.

ಲೇಸರ್ ಇದ್ದವರಿಗೆ ಒಂದು ಮಾತು: ಪಸೆ ಹಿಡಿದ ಕಾಗದ ಹೊರಗೆ ಬರುವಾಗ ಹಬೆ ಕಂಡರೆ ಹೊಗೆ ಎಂದು ಹೆದರಬೇಡಿ, ಕಾಗದದಲ್ಲಿದ್ದ ನೀರು ಅದು. ಸುಟ್ಟ ವಾಸನೆ ಬಂದರೆ ಮಾತ್ರ ಕೂಡಲೇ ಆಫ್ ಮಾಡಿ.

ಪ್ರಶ್ನೆ: ನಮ್ಮ ಮನೆತನದ ನೇಮದ ಆಮಂತ್ರಣ ಮನೆಯಲ್ಲೇ ಲೇಸರ್‌ನಲ್ಲಿ ದಪ್ಪ ಕಾಗದಕ್ಕೆ ಪ್ರಿಂಟ್ ಹಾಕುತ್ತಿದ್ದೇನೆ. ಡಿಟಿಪಿಯವರು ಕೊಟ್ಟ ಪಿಡಿಎಫ್. ತುಂಬಾ ನಿಧಾನ, ಮೇಲಿಂದ ಕೆಲವು ಒತ್ತಕ್ಷರ ಬೇರೆ ಕಡೆ ಹೋಗಿ ಕೂರುತ್ತದೆ.
(ಕಾರ್ಕಳ)

ಉತ್ತರ: ಎರಡು ಬೇರೆ ಬೇರೆ ವಿಷಯ. ದಪ್ಪ ಕಾಗದ ಎಂದು ಸೆಟ್ಟಿಂಗ್ ಕೊಟ್ಟಾಗ ಲೇಸರ್ ಪ್ರಿಂಟರ್ ಬೇಕೆಂದೇ ನಿಧಾನ ಹೋಗುತ್ತದೆ, ದಪ್ಪ ಹಾಳೆ ಬಿಸಿಯಾಗಲು ಹೊತ್ತು ಬೇಕು. ಬೇಗ ಆಗಲಿ ಎಂದು ಪ್ಲೇನ್ ಕೊಟ್ಟರೆ ಅಕ್ಷರ ಉಗುರು ತಾಗಿದರೆ ಉದುರುತ್ತದೆ. ದೈವದ ಆಮಂತ್ರಣ ಹಿಡಿದವರ ಕೈಯಲ್ಲಿ ಪುಡಿ ಪುಡಿ ಆಗಬಾರದಲ್ಲ, ನಿಧಾನವನ್ನು ಸಹಿಸಿಕೊಳ್ಳಿ. ಮನೆ ಬಳಕೆಯ ಎಷ್ಟೋ ಲೇಸರ್‌ಗಳ ಮಿತಿ 163 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ), ಅದಕ್ಕಿಂತ ದಪ್ಪದ್ದು ತುರುಕಬೇಡಿ. ನೂರಕ್ಕಿಂತ ಜಾಸ್ತಿ ಬೇಕಿದ್ದರೆ ಪ್ರೆಸ್ಸಿಗೆ ಕೊಡುವುದೇ ಲಾಭ.

ಅಕ್ಷರದ ಸಮಸ್ಯೆಗೆ ಕಾರಣ ಫಾಂಟ್. ಡಿಟಿಪಿಯವರು ನುಡಿಯಂಥ ಫಾಂಟ್ ಬಳಸಿ, ಅದನ್ನು ಪಿಡಿಎಫ್ ಒಳಗೆ ಸೇರಿಸದೆ ಕೊಟ್ಟಿರಬಹುದು, ನಿಮ್ಮ ಕಂಪ್ಯೂಟರ್ ಸಿಕ್ಕಿದ ಬೇರೆ ಫಾಂಟ್ ಹಾಕುತ್ತದೆ. ಕರ್ವ್ಸ್ ಮಾಡಿ (ಅಕ್ಷರಗಳನ್ನು ಗೆರೆಗಳ ಆಕಾರವಾಗಿ ಬದಲಿಸಿ) ಕೊಡಿ ಎಂದು ಅವರಲ್ಲೇ ಕೇಳಿ, ಒಂದು ನಿಮಿಷದ ಕೆಲಸ. ಸ್ಕ್ರೀನಿನಲ್ಲಿ ಸರಿ ಕಂಡು ಪ್ರಿಂಟಿನಲ್ಲಿ ಮಾತ್ರ ತಪ್ಪುತ್ತಿದ್ದರೆ ಅಡೋಬಿ ರೀಡರ್‌ನಲ್ಲಿ ಪ್ರಿಂಟ್ ಕೊಡುವಾಗ ಅಡ್ವಾನ್ಸ್ಡ್ ಒತ್ತಿ ಪ್ರಿಂಟ್ ಆ್ಯಸ್ ಇಮೇಜ್ ಟಿಕ್ ಮಾಡಿ, 300 ಡಿಪಿಐ ಸಾಕು. ಇಡೀ ಪುಟ ಚಿತ್ರವಾಗಿ ಹೋಗುವುದರಿಂದ ಒತ್ತಕ್ಷರ ಕದಲುವುದಿಲ್ಲ. ನೆರಳು, ಪಾರದರ್ಶಕ ಹೂಬಳ್ಳಿ ಎಲ್ಲ ತುಂಬಿದ ವಿನ್ಯಾಸ ಆದರೆ ಇದರಿಂದ ಪ್ರಿಂಟೂ ಬೇಗ ಬರುತ್ತದೆ.

ಪ್ರಶ್ನೆ: ಸಿಡಿಲಿಗೆ ಹೆದರಿ ರಾತ್ರಿ ಸ್ವಿಚ್‌ಬೋರ್ಡ್‌ನಲ್ಲೇ ಎಲ್ಲ ಆಫ್ ಮಾಡುತ್ತೇವೆ. ಬೆಳಿಗ್ಗೆ ಇಂಕ್ ಪ್ರಿಂಟರ್ ಆನ್ ಮಾಡಿದರೆ ಎಷ್ಟೋ ಹೊತ್ತು ಗರಗರ ಎಂದು ಆಮೇಲೆ ಪ್ರಿಂಟ್ ಕೊಡುತ್ತದೆ. ಯುಪಿಎಸ್‌ಗೆ ಹಾಕಬಹುದಾ?
(ಕುಂದಾಪುರ)

ಉತ್ತರ: ಸಿಡಿಲಿಗೆ ಪ್ಲಗ್ ತೆಗೆಯುವುದು ಸರಿಯಾದ ಅಭ್ಯಾಸ, ನಿಲ್ಲಿಸಬೇಡಿ. ಕ್ರಮ ಮಾತ್ರ ಬದಲಿಸಿ. ಮೊದಲು ಪ್ರಿಂಟರಿನದ್ದೇ ಪವರ್ ಬಟನ್ ಒತ್ತಿ. ಒಳಗೆ ಹೆಡ್ ಬಲಗಡೆಯೋ ಎಡಗಡೆಯೋ ತನ್ನ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುವ ಸದ್ದು ಕೇಳುತ್ತದೆ, ಆಮೇಲೆ ದೀಪ ಆರುತ್ತದೆ. ಆಗ ಪ್ಲಗ್ ತೆಗೆಯಿರಿ. ನೇರ ಬೋರ್ಡ್‌ನಲ್ಲಿ ಆಫ್ ಮಾಡಿದರೆ ಹೆಡ್ ಮುಚ್ಚಳ ಇಲ್ಲದೆ ನಡುದಾರಿಯಲ್ಲೇ ನಿಲ್ಲಬಹುದು, ಇಂಕ್ ಒಣಗುತ್ತದೆ, ಬೆಳಿಗ್ಗೆ ಅದನ್ನು ತೊಳೆಯಲು ಪ್ರಿಂಟರ್ ಇಂಕ್ ಹರಿಸುತ್ತದೆ. ನೀವು ಕೇಳುವ ಗರಗರದಲ್ಲಿ ಹೊತ್ತು ಮಾತ್ರವಲ್ಲ, ಇಂಕೂ ಹೋಗುತ್ತಿದೆ. ದಿನಕ್ಕೆ ನಾಲ್ಕು ಸಲ ಆನ್ ಆಫ್ ಮಾಡುವುದೂ ಬೇಡ.

ಇಂಕ್ ಪ್ರಿಂಟರ್ ಎಳೆಯುವ ಕರೆಂಟ್ ಕಡಿಮೆ, ಯುಪಿಎಸ್‌ಗೆ ಹಾಕಿದರೆ ತೊಂದರೆ ಇಲ್ಲ. ಲೇಸರ್ ಮಾತ್ರ ಬೇಡವೇ ಬೇಡ. ಮನೆಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಆಸುಪಾಸು, ಫ್ಯೂಸರ್ ಬಿಸಿಯಾಗುವ ಕ್ಷಣದಲ್ಲಿ ಲೇಸರ್ ಅದಕ್ಕಿಂತ ತುಂಬಾ ಜಾಸ್ತಿ ಕೇಳುತ್ತದೆ, ಪ್ರಿಂಟ್ ಬರುವಾಗ ಮನೆಯ ಬಲ್ಬ್ ಒಮ್ಮೆ ಮಂಕಾಗುವುದನ್ನು ನೋಡಿರಬಹುದು. ಅದನ್ನು ಯುಪಿಎಸ್‌ಗೆ ಹಾಕಿದರೆ ಪೀಂ ಎಂದು ಕೂಗಿ ಕಂಪ್ಯೂಟರ್ ಸಮೇತ ಎಲ್ಲ ಬಂದ್ ಆಗುತ್ತದೆ. ಲೇಸರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಮತ್ತೆ ಗುಡುಗುವಾಗ ಪ್ರಿಂಟರಿನ ಪ್ಲಗ್ ತೆಗೆದರೆ ಸಾಕಾಗುವುದಿಲ್ಲ, ರೂಟರಿಗೆ ಹೊರಗಿನಿಂದ ಬರುವ ತಂತಿಯ ಕೇಬಲ್ ಇದ್ದರೆ ಅದನ್ನೂ ಕಳಚಿಡಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.